ಬಿಸಿಲು ಕುಡಿಯುವ ಫಲಕ

"ಕಳ್ಳಿ! ಅಕ್ಕನ ಮಗಳು ಅಂತ ಒಳಗೆ ಬಿಟ್ಕೊಂಡೆ ನೋಡು, ನನ್ನ ತಲೇಲಿ ಸಗಣಿ ತುಂಬಿತ್ತು!"

ಬಿಸಿಲಯ್ಯ ಮೇಜನ್ನು ಜಾಡಿಸಿ ಒದ್ದ. ಮೇಜು ಹೋಗಿ ಕಿಟಕಿಗೆ ಬಡಿಯಿತು. ಅಲ್ಲಿ ಬಿಸಿಲಿಗಿಟ್ಟಿದ್ದ ಗಾಜಿನ ಫಲಕ ನೆಲಕ್ಕೆ ಬಿದ್ದು ಚೂರುಚೂರಾಯಿತು.

"ಇದ್ದದ್ದೂ ಹೋಯ್ತು" ಎಂದಳು ಅವನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಹುಡುಗಿ.

"ಬಾಯ್ಮುಚ್ಚು! ಇನ್ನೊಂದೆಲ್ಲಿ? ಆ ಬ್ಯಾಟರಿ ಕಾರ್ಖಾನೆಯವರಿಗೆ ಕೊಟ್ಯಾ?"

ಬಿಸಿಲಯ್ಯ ಎಂಬುದು ಪ್ರಯೋಗಾಲಯದವರು ಬೆನ್ನ ಹಿಂದೆ ಕರೆಯುತ್ತಿದ್ದ ಹೆಸರು. ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಬಿಸಿಲು ಹಿಡಿಯಲು ಒಂದು ಹಲಗೆ, ಕೂಡಿಡಲು ಒಂದು ಬ್ಯಾಟರಿ, ಈ ಎರಡೆರಡು ಸಂಸಾರ ಯಾಕೆ? ಫಲಕದೊಳಗೆ ಒಂದು ಸತುವಿನ ತಗಡು, ಅದರೆದುರು ತನ್ನ ಕಪ್ಪು ಲೇಪ ಬಳಿದ ವಿದ್ಯುದ್ವಾರ ಒಂದೇ ಸಾಕು. ಹಿಡಿಯುವುದೂ ಅದೇ, ಕೂಡಿಡುವುದೂ ಅದೇ. ಯಾರಾದರೂ ಅನುಮಾನದ ಮಾತೆತ್ತಿದರೆ, "ನಿಮ್ಮಪ್ಪ ಕಂಡಿದ್ನಾ ಇದನ್ನ?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಹೋದ ವಾರ ಒಂದು ಸಂಜೆ ಎರಡು ಫಲಕಗಳಿಗೂ ದೀಪ ಜೋಡಿಸಿ, ಅವು ತಾವಾಗಿ ಆರುವವರೆಗೆ ಕೂತು, ಒಳಗಿನದನ್ನೆಲ್ಲ ಹಿಂಡಿ ಖಾಲಿ ಮಾಡಿದ್ದ. ಇನ್ನು ತುಂಬಿದರೆ ಅದು ಸೂರ್ಯನದೇ. ಎರಡನ್ನೂ ಕಿಟಕಿಗಿಟ್ಟು ಮನೆಗೆ ಹೋಗಿದ್ದ. ಬೆಳಗ್ಗೆ ಬಂದರೆ ಒಂದೇ ಉಳಿದಿತ್ತು. ಕದ್ದವರು ಯಾರೆಂದು ಇವತ್ತು ಗೊತ್ತಾಗಿತ್ತು. ಇವತ್ತೇ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ಬರುವವರಿದ್ದರು. ಒಪ್ಪಿದರೆ, ಕರೆಂಟಿನ ತಂತಿ ತಲುಪದ ಅವರ ಆಸ್ಪತ್ರೆಯ ಹೆರಿಗೆ ಕೋಣೆಗೆಲ್ಲ ಈ ಫಲಕಗಳದೇ ಬೆಳಕು.

"ಮನೇಲಿದೆ ಮಾವ. ತರ್ತೀನಿ."

"ತಾ! ಇಲ್ಲಾಂದ್ರೆ ಅಕ್ಕ ಅಂತಾನೂ ನೋಡಲ್ಲ, ನಿಮ್ಮಿಬ್ಬರನ್ನೂ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀನಿ."

ಹುಡುಗಿ ಹಿಂದಿನ ಬೀದಿಯ ಮನೆಗೆ ಹೋಗಿ ತಂದುಕೊಟ್ಟಳು. ಫಲಕ ತಣ್ಣಗಿತ್ತು. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದನ್ನೆಲ್ಲ ಯೋಚಿಸಲು ಅವನಿಗೆ ಪುರುಸೊತ್ತೆಲ್ಲಿ? ಡಾಕ್ಟರಮ್ಮ ಆಗಲೇ ಬಾಗಿಲಲ್ಲಿದ್ದರು.

ಫಲಕಕ್ಕೆ ದೀಪದ ತಂತಿ ಸಿಕ್ಕಿಸಿದ. ದೀಪ ಝಗ್ಗನೆ ಹೊತ್ತಿಕೊಂಡಿತು.

ಬಿಸಿಲಯ್ಯನಿಗೆ ಹೋದ ಜೀವ ಬಂತು. ಕಳ್ಳಿಯಾದರೂ ತಾರಸಿಯ ಮೇಲಿಟ್ಟು ಚೆನ್ನಾಗಿ ಬಿಸಿಲು ಕುಡಿಸಿದ್ದಾಳೆ! ರಕ್ತಸಂಬಂಧ ಎಲ್ಲಿ ಹೋಗುತ್ತೆ?

"ನೋಡಿ ಮೇಡಂ! ಖಾಲಿ ಮಾಡಿಟ್ಟಿದ್ದೆ. ತುಂಬಿದ್ದೆಲ್ಲ ಸೂರ್ಯಂದು. ಓದಿದ ದಡ್ಡರೆಲ್ಲ ಆಗಲ್ಲ ಅಂದ್ರು, ಈಗ ಎಲ್ಲಿ ಮುಖ ಇಟ್ಕೋತಾರೆ?"

"ಅಬ್ಬಾ" ಎಂದರು ಡಾಕ್ಟರಮ್ಮ. "ಟಾರ್ಚು ಹಿಡಿದು ಹೆರಿಗೆ ಮಾಡಿಸಿ ಸಾಕಾಗಿದೆ. ಮೋಡ ಮುಚ್ಚಿದರೆ ಏನು ಗತಿ? ಇಷ್ಟು ತುಂಬೋಕೆ ಎಷ್ಟು ಬಿಸಿಲು ಬೇಕು?"

"ನನ್ನ ಅಕ್ಕನ ಮಗಳು ಹೇಳ್ತಾಳೆ. ಅವಳೇ ಇಟ್ಟು ತುಂಬಿಸಿದ್ದು." ಕಳ್ಳಿಗೆ ಕ್ಷಮೆ ಸಿಕ್ಕಾಗಿತ್ತು. "ಹೇಳಮ್ಮ, ನಾಚ್ಕೋಬೇಡ."

ಹುಡುಗಿ ಚೀಲ ಹೆಗಲಿಗೇರಿಸಿದಳು.

"ಬಿಸಿಲೇ ಬೇಡ ಮೇಡಂ. ಮಾವ ಖಾಲಿ ಮಾಡಿದ ಸಂಜೆಯಿಂದ ಇದು ನಮ್ಮಮ್ಮನ ಕಬ್ಬಿಣದ ಪೆಟ್ಟಿಗೇಲಿ, ಸೀರೆಗಳ ಅಡಿ ಇತ್ತು. ಕತ್ತಲಲ್ಲಿ ಒಂದಿಟ್ಟು ನೋಡೋಣ ಅಂದ್ರೆ ಬೈತಿದ್ರು. ಇದು ತನ್ನೊಳಗಿನ ಸತುವನ್ನೇ ತಿಂದು ತುಂಬ್ಕೊಳ್ಳುತ್ತೆ. ಸತು ಮುಗಿದು ದೀಪ ಆರಿದ ದಿನ ಯಾರೋ ಒಬ್ಬಳು ಹೆರ್ತಾ ಇರ್ತಾಳೆ."

ಬಾಗಿಲು ದಾಟಿ ಹೋದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.