ಬರಿಗಾಲಿನ ಭಾರ

ನಡುಮಧ್ಯಾಹ್ನದ ಹೊತ್ತಿಗೆ ಬಗಾನ್ ಊರಿನ ಆ ಇಟ್ಟಿಗೆಯ ಬೌದ್ಧ ಪಗೋಡ ನೆಲದಿಂದ ಒಂದು ಮೊಳ ಮೇಲೆದ್ದಿತ್ತು. ಕಾವಲಿನ ಹೆಂಗಸು ನ್ವೆ ಯೀ ಬೆಚ್ಚಲಿಲ್ಲ. ಭಕ್ತರ ಬರಿಗಾಲು ಇಟ್ಟಿಗೆಗೆ ತಾಗುತ್ತಿದ್ದರಷ್ಟೇ ಅಲ್ಲಿನ ಪಗೋಡಗಳು ನೆಲದಲ್ಲಿ ನಿಲ್ಲುತ್ತಿದ್ದವು. ಯಾರೂ ಬಾರದ ಎರಡು ಪಗೋಡಗಳು ಕಳೆದ ವರ್ಷವೇ ಇರಾವದಿ ನದಿಯನ್ನು ದಾಟಿ ಮೋಡಗಳಲ್ಲಿ ಮರೆಯಾಗಿದ್ದವು. ಆದರೆ ಇಂದು ಜಗಲಿಯ ತುಂಬ ಜನ. ಒಬ್ಬರ ಕಾಲಲ್ಲೂ ಚಪ್ಪಲಿಯಿಲ್ಲ.

"ಎರಡು ಮೊಳ ಆಯ್ತಕ್ಕಾ! ಜನರನ್ನ ಇಳಿಸಿಬಿಡೋಣ್ವಾ?" ಎಂದು ಅವಳ ತಮ್ಮ ಟುನ್ ಕೂಗಿದ.

"ಇಳಿಸಿದ್ರೆ ಇದೂ ಹೊರಟೇಹೋಗುತ್ತೆ. ಸುಮ್ನಿರು."

ಅವಳು ಒಂದೊಂದೇ ಪಾದವನ್ನು ನೋಡುತ್ತ ನಡೆದಳು. ಬಿಸಿಲು ನೆತ್ತಿಯನ್ನು ಸುಡುತ್ತಿತ್ತು. ಅಂಗಾಲು ಮಾತ್ರ ತಣ್ಣಗಿತ್ತು. ತಟ್ಟನೆ ನಿಂತಳು.

"ಈ ಚಾಪೆ ಹಾಸಿದ್ದು ಯಾರೋ?"

"ನಾನೇ. ಪಾಪ, ಜನರ ಕಾಲು ಸುಡ್ತಿತ್ತು."

"ನಿನ್ನ ಕರುಣೆಗೆ ಪಗೋಡಾನೇ ಹಾರಿಹೋಗ್ತಿದೆಯಲ್ಲೋ, ಮಹಾರಾಯ! ಎಳಿ ಎಲ್ಲಾನೂ!"

ಚಾಪೆಗಳು ಸುರುಳಿಯಾದವು. ಕಾದ ಇಟ್ಟಿಗೆಯ ಮೇಲೆ ಜನ ಅಯ್ಯೋ ಎನ್ನುತ್ತ ಕುಣಿಯತೊಡಗಿದರು.

"ಕುಣೀಬೇಡಿ, ನಿಲ್ಲಿ!" ಎಂದು ಗದರಿ, ನ್ವೆ ಯೀ ಅವರೆದುರು ತನ್ನೆರಡು ಪಾದಗಳನ್ನೂ ಬಲವಾಗಿ ಊರಿದಳು. ಜನರೂ ಹಲ್ಲು ಕಚ್ಚಿ ನಿಂತರು. ಪಗೋಡ ಒಮ್ಮೆ ನಡುಗಿತು. ಮೆಲ್ಲಗೆ ಇಳಿದು ನೆಲದ ಮೇಲೆ ಕುಳಿತುಕೊಂಡಿತು.