ನಡುನೀರಿನ ನಿಲುಗಡೆ

ನೀರಿನಲ್ಲಿ ಗುರುತಿಗೆಂದು ತೇಲಿಬಿಟ್ಟಿದ್ದ ಕೆಂಪು ಪೀಪಾಯಿ ದಾಟಿ ಹತ್ತು ಮಾರು ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ಕೆಮ್ಮಲಿಲ್ಲ, ಗೊಣಗಲಿಲ್ಲ, ಮಾತಾಡುತ್ತಿದ್ದವರ ಬಾಯಿಗೆ ಯಾರೋ ಕೈ ಅಡ್ಡ ಇಟ್ಟಂತೆ ಗಪ್ಪಾಯಿತು. ಮಧ್ಯಾಹ್ನದ ಬಿಸಿಲು ನೆತ್ತಿಯ ಮೇಲಿತ್ತು. ಗಾಳಿ ಇರಲಿಲ್ಲ.

"ನೋಡಿದ್ರಾ ಅಣ್ಣ? ಇಲ್ಲೇ. ದಿನಾ ಇಲ್ಲೇ," ಎಂದಳು ದೋಣಿಯವಳು. "ಕಾಲು ಗಂಟೆ ಸುಮ್ಮನಿದ್ದು ಆಮೇಲೆ ತಾನಾಗೇ ಸರಿಹೋಗುತ್ತೆ. ನಾಳೆಯೂ ಹೀಗಾದ್ರೆ ನಿನ್ನ ದೋಣಿ ಹತ್ತಲ್ಲ ಅಂದಿದ್ದಾರೆ ಕಾರ್ಖಾನೆ ಹೆಂಗಸರು. ಅವರು ಹತ್ತಲಿಲ್ಲ ಅಂದ್ರೆ ನಾನೂ ಮಗಳೂ ಏನು ತಿನ್ನೋಣ?"

ಊರೆಲ್ಲ ವೈರ್ ಮಾಮ ಎಂದು ಕರೆಯುವ ಮೆಕ್ಯಾನಿಕ್ ಚೀಲ ಬಿಚ್ಚಿದ. ಈ ದೋಣಿ ಹತ್ತುವುದಕ್ಕೇ ಅವನಿಗೆ ಮನಸ್ಸಿರಲಿಲ್ಲ. ಮೂರು ತಿಂಗಳ ಹಿಂದೆ ಇವಳ ಗಂಡ ಒಬ್ಬನೇ ಬರುವಾಗ ನೀರಿಗೆ ಬಿದ್ದಿದ್ದ. ಮರುದಿನ ಇದೇ ಪೀಪಾಯಿಯ ಬಳಿ ಹೆಣ ತೇಲಿತ್ತು. ದೋಣಿ ಮಾತ್ರ ನಿಲ್ಲದೆ ಓಡಿ, ಆಚೆ ದಡದ ಜೊಂಡಿನಲ್ಲಿ ಸಿಕ್ಕಿಕೊಂಡು, ಪೆಟ್ರೋಲ್ ಮುಗಿಯುವ ತನಕ ಗುರುಗುಟ್ಟಿತ್ತು. ಅಷ್ಟು ಚೆನ್ನಾಗಿ ಈಜುತ್ತಿದ್ದವನು ಹೇಗೆ ಮುಳುಗಿದ ಎಂಬುದಕ್ಕೆ ಊರು ಒಂದೇ ದಿನದಲ್ಲಿ ಉತ್ತರ ಹುಡುಕಿತ್ತು: ಕುಡಿದಿದ್ದ. ಊರಬಾಯಿಗೆ ಮುಚ್ಚಳ ಉಂಟೇ? ವೈರ್ ಮಾಮನೂ ಮುಚ್ಚಲು ಹೋಗಲಿಲ್ಲ. ಆ ಉತ್ತರದಿಂದ ಅವನಿಗೆ ಅನುಕೂಲವೇ ಆಗಿತ್ತು.

ಎಂಜಿನ್ನಿನಲ್ಲಿ, ಓಡಿಸುವವನು ಮುಂಗೈಗೆ ಕಟ್ಟಿಕೊಳ್ಳಲೆಂದು ಒಂದು ದಾರವಿರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಬರುತ್ತದೆ, ಸ್ವಿಚ್ಚಿನಿಂದ ಒಂದು ವೈರಿನಲ್ಲಿ ಸುದ್ದಿ ಹೋಗಿ ಎಂಜಿನ್ ನಿಲ್ಲುತ್ತದೆ, ದೋಣಿ ಅವನಿಗಾಗಿ ಕಾಯುತ್ತದೆ. ಆದರೆ ಜನರನ್ನು ಕೈಹಿಡಿದು ಹತ್ತಿಸುವಾಗ, ಹಗ್ಗ ಎಸೆಯುವಾಗಲೆಲ್ಲ ದಾರ ಕಿತ್ತು ಎಂಜಿನ್ ನಿಂತರೆ ಯಾರಿಗೆ ತಾಳ್ಮೆ? 'ಈ ಶನೀನ ತೆಗೆದುಹಾಕು' ಎಂದಿದ್ದ ಇವಳ ಗಂಡ. ವೈರ್ ಮಾಮ ಆ ವೈರನ್ನು ಕಚಕ್ಕನೆ ಕತ್ತರಿಸಿ, ತುದಿಗಳಿಗೆ ಟೇಪ್ ಸುತ್ತಿ, ಸ್ವಿಚ್ಚಿನ ಕರೀ ಡಬ್ಬಿಗೆ ಮುಚ್ಚಳ ಹಾಕಿದ್ದ. ಆ ದಡದಲ್ಲಿ ಎಲ್ಲರೂ ಮಾಡಿಸಿಕೊಳ್ಳುವ ಕೆಲಸವೇ ಅದು, ಐದು ನಿಮಿಷದ್ದು.

ಬ್ಯಾಟರಿಯ ತುದಿಗಳನ್ನು ಉಜ್ಜಿ ಮೀಟರ್ ಹಿಡಿದ: ಹನ್ನೆರಡೂವರೆ ವೋಲ್ಟ್. ಫ್ಯೂಸ್ ಸರಿಯಿತ್ತು. ಪ್ಲಗ್ ಬಿಚ್ಚಿ, ಎಂಜಿನ್ನಿನ ಮೈಗೆ ತಾಗಿಸಿ ಹಿಡಿದು, "ಕೀ ತಿರುಗಿಸು ತಂಗಿ" ಎಂದ. ಎಂಜಿನ್ ತಿರುಗಿತು, ಕಿಡಿ ಬರಲಿಲ್ಲ. ಬೆಳಿಗ್ಗೆ ತನ್ನ ಶೆಡ್ಡಿನಲ್ಲಿ ಇದೇ ಪ್ಲಗ್ ನೀಲಿ ಕಿಡಿ ಕಾರಿತ್ತು.

"ಆ ಕರೀ ಡಬ್ಬಿ ಒಂದನ್ನ ಬಿಟ್ಟು ಎಲ್ಲಾ ನೋಡಿದ್ರಿ," ಎಂದಳು ಅವಳು.

"ಅದರಲ್ಲೇನಿಲ್ಲ."

"ಇಲ್ಲದಿದ್ರೆ ತೆಗೆಯೋಕೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವನು. ಬೇರೆ ದಾರಿ ಕಾಣದೆ ಸ್ಕ್ರೂ ಬಿಚ್ಚಿದ. ತಾನು ಕತ್ತರಿಸಿದ ಹಾಗೆಯೇ ಇತ್ತು, ಎರಡು ತುದಿಗಳ ನಡುವೆ ಎರಡು ಬೆರಳಿನ ಅಂತರ. ಎಂಜಿನ್ ಕಡೆಯ ತುದಿಯ ಟೇಪ್ ಬಿಡಿಸಿ, ಮೀಟರಿನ ಒಂದು ಪಿನ್ನನ್ನು ಅದಕ್ಕೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿದ. ಸುಮ್ಮನಿರಬೇಕಾಗಿದ್ದ ಮೀಟರ್ ಒಂದೇ ಸಮನೆ ಕೂಗತೊಡಗಿತು. ವೈರ್ ಸರಿಯಿದ್ದು, ದಾರ ಕಿತ್ತು ಬಂದಾಗ ಮಾತ್ರ ಕೇಳಬೇಕಾದ ಸದ್ದು ಅದು. ವೈರನ್ನು ಹೆಬ್ಬೆರಳಿನಲ್ಲಿ ಸವರುತ್ತ ಎಂಜಿನ್ನಿನವರೆಗೂ ಹೋದ. ಎಲ್ಲೂ ಸಿಪ್ಪೆ ಸುಲಿದಿರಲಿಲ್ಲ, ಏನಕ್ಕೂ ತಾಗಿರಲಿಲ್ಲ. ಗಾಳಿಯಲ್ಲಿ ನೇತಾಡುವ ತುಂಡು ವೈರಿಗೆ, ಯಾರೋ ನೀರಿಗೆ ಬಿದ್ದಿದ್ದಾರೆ ನಿಲ್ಲು ಎಂಬ ಸುದ್ದಿ ಎಲ್ಲಿಂದಲೋ ಬರುತ್ತಲೇ ಇತ್ತು.

"ಅದನ್ನ ಕತ್ತರಿಸಿದ್ಯಾರು?"

ಇಲಿ ಎಂದುಬಿಡಬಹುದಿತ್ತು. ಸತ್ತವನು ಎದ್ದುಬಂದು ಸಾಕ್ಷಿ ಹೇಳುತ್ತಾನೆಯೇ ಎಂದು ಮೂರು ತಿಂಗಳು ತನಗೆ ತಾನೇ ಧೈರ್ಯ ಹೇಳಿಕೊಂಡಿದ್ದವನಿಗೆ ಈಗ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ನಾನೇ," ಎಂದ. "ಅವತ್ತು ಹೊರಡೋವರೆಗೂ ಅವನು ನನ್ನ ಶೆಡ್ಡಲ್ಲೇ ಇದ್ದ. ಕುಡಿದಿರಲಿಲ್ಲ ತಂಗಿ. ಕಾಲು ಜಾರಿ ಬಿದ್ದಿರ್ತಾನೆ, ದೋಣಿ ಹಿಂದೆ ಕೈಲಾದಷ್ಟೂ ಈಜಿರ್ತಾನೆ. ದೋಣಿ ನಿಲ್ಲಲಿಲ್ಲ. ನಿಲ್ಲದ ಹಾಗೆ ನಾನೇ ಮಾಡಿಟ್ಟಿದ್ದೆ."

ಹೇಳಿಬಿಟ್ಟರೆ ಸದ್ದು ನಿಲ್ಲುತ್ತದೆ ಎಂದು ಎಲ್ಲೋ ಒಂದು ಆಸೆಯಿತ್ತು ಅವನಿಗೆ. ನಿಲ್ಲಲಿಲ್ಲ. ದೋಣಿಯವಳು ಬೈಯಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ದೋಣಿಯ ಅಂಚಿನ ಮೇಲೆ ಬಾಗಿ, ಅಡುಗೆಮನೆಯಿಂದ ಗಂಡನನ್ನು ಕರೆಯುವ ದನಿಯಲ್ಲೇ ನೀರಿಗೆ ಹೇಳಿದಳು:

"ಕೇಳಿಸ್ತೇನ್ರೀ? ಊರಿನವರ ಜೊತೆ ನಾನೂ ನಂಬಿಬಿಟ್ಟಿದ್ದೆ. ನಿಮ್ಮನ್ನ ಮುಂದೆ ಮಲಗಿಸಿಕೊಂಡೇ ಕುಡುಕ ಅಂತ ಬೈದೆ. ತಪ್ಪಾಯ್ತು ಕಣ್ರೀ."

ಮೀಟರ್ ಸುಮ್ಮನಾಯಿತು.

ವೈರ್ ಮಾಮ ಕತ್ತರಿಸಿದ ತುದಿಗಳನ್ನು ಹೆಣೆದು ಬಿಗಿದ. ಪ್ಲಗ್ ಹಿಡಿದು ನೋಡಿದ. ಕಿಡಿ ನೀಲಿಯಾಗಿ ಸಿಡಿಯಿತು. ಪ್ಲಗ್ ಕೂರಿಸಿ ಬೆವರೊರೆಸಿಕೊಂಡು, "ಸರಿಹೋಯ್ತು, ಹೊರಡು" ಎಂದ.

"ಇನ್ನು ಇಲ್ಲಿ ನಿಲ್ಲಲ್ವಾ ಇದು?"

"ನಿಲ್ಲಲ್ಲ."

ಅವಳು ಕೀಯ ಮೇಲಿಟ್ಟಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಸ್ವಲ್ಪ ಹೊತ್ತು ಇರೋಣ ಅಣ್ಣ," ಎಂದಳು.