ರಾಹುಕಾಲ ದಾಟಿದ ಕಂಪ್ಯೂಟರ್

“ಯಾರ್ಗೂ ಏಳ್ಬ್ಯಾಡಮ್ಮ, ಟೈಮ್ ಮುಂದಕ್ಕೆ ಇಕ್ಕಿದ್ದು ನಾನೇ,” ಎಂದು ಪೀಣ್ಯದ ಪಂಪ್ ಕಾರ್ಖಾನೆಯ ಮಾಲೀಕ ಗೋಪಾಲಪ್ಪ ಪಿಸುಗುಟ್ಟಿದರು. ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಮಹಾನಂದಾ ಕೀಬೋರ್ಡಿನಿಂದ ತಲೆ ಎತ್ತಿದಳು.

ಅಂದು ಶುಕ್ರವಾರ, ಹನ್ನೆರಡರವರೆಗೆ ರಾಹುಕಾಲ. ದುಬೈಗೆ ಹೊರಟ ಮೊಟ್ಟಮೊದಲ ಲೋಡಿನ ಬಿಲ್ಲಿನ ಮೇಲೆ ಆ ಕೆಟ್ಟ ಹೊತ್ತು ಅಚ್ಚಾಗಬಾರದೆಂದು ಅವರು ಸರ್ವರಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದ್ದರು. ಅದನ್ನೇ ನಂಬಿದ ಆಫೀಸಿನ ಕಂಪ್ಯೂಟರುಗಳೆಲ್ಲ ಅದರ ಬೆನ್ನಿಗೇ ಮುಂದಕ್ಕೆ ಓಡಿದ್ದವು. ಕಂಪ್ಯೂಟರನ್ನು ನಂಬಿದ ಅಕೌಂಟ್ಸಿನ ವನಜಾ ಊಟದ ಡಬ್ಬಿ ಬಿಚ್ಚಿದ್ದರು. ಬಿಲ್ ಕಳಿಸುವ ವೆಬ್‌ಸೈಟು ಮಾತ್ರ, ಇನ್ನೂ ಬಾರದ ಹೊತ್ತಿನ ಬಿಲ್ ತನಗೆ ಬೇಡವೆಂದು ಹಟ ಹಿಡಿದಿತ್ತು. ಬಿಲ್ಲಿಲ್ಲದೆ ಲಾರಿ, ಚಕ್ರದಡಿಗೆ ಇಟ್ಟ ನಿಂಬೆಹಣ್ಣನ್ನೂ ತುಳಿಯದೆ ಹಾಗೇ ನಿಂತಿತ್ತು.

“ಅಲ್ರಿ ಸರ, ರಾಹು ಏನ್ ನಿಮ್ಮ ಸರ್ವರ್ ನೋಡ್ಕೊಂಡ ಬರ್ತಾನೇನ್ರಿ?” ಮಹಾನಂದಾ ಗಟ್ಟಿಯಾಗಿ ನಕ್ಕುಬಿಟ್ಟಳು. ಬಾಯಲ್ಲಿ ತುತ್ತಿಟ್ಟುಕೊಂಡೇ ವನಜಾ ಕೂಡ ನಕ್ಕರು. ಗುಟ್ಟು ಅಲ್ಲಿಗೆ ರಟ್ಟಾಯಿತು. ಗೋಪಾಲಪ್ಪ ನಾಚಿಕೊಂಡು, “ಆಯ್ತು ತಾಯಿ, ನೀನೇ ಸರಿ ಮಾಡು,” ಎಂದರು.

ಎಲ್ಲ ಸಿದ್ಧವಾಗಿತ್ತು. ಎಂಟರ್ ಒತ್ತಿದರೆ ಗಡಿಯಾರಗಳೆಲ್ಲ ಒಮ್ಮೆಲೇ ಸರಿಹೋಗುತ್ತಿದ್ದವು. ಕೆಲಸಕ್ಕೆ ಸೇರಿದ ಮೇಲೆ ಅವಳು ಒಬ್ಬಳೇ ಬಂದು ಮಾಡುತ್ತಿದ್ದ ಮೊದಲ ರಿಪೇರಿ ಅದು. ಬೆರಳು ಎತ್ತಿದವಳು ಒಮ್ಮೆ ತನ್ನ ಫೋನ್ ನೋಡಿದಳು. ಹನ್ನೆರಡಕ್ಕೆ ಇನ್ನೂ ಐದು ನಿಮಿಷವಿತ್ತು. ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು.

“ಹನ್ನೆರಡು ಹೊಡೀಲಿ ತಡ್ರಿ ಸರ, ಆಮ್ಯಾಲ ಒತ್ತೂಣು.”